ಬೈಬಲ್ ಕಾಲೇಜಿಗೆ ಪಾಠ ಹೇಳಲು ಹೋಗುವವರ ಗಮನಕ್ಕೆ

ಮಾನ್ಯ ಸಂಪಾದಕರೇ,

ಮಿಷನ್ ಪ್ರವಾಸದ ಭಾಗವಾಗಿ ವಿದೇಶದ ಬೈಬಲ್ ಕಾಲೇಜುಗಳಲ್ಲಿ ಒಂದೆರಡು ವಾರ ಪಾಠ ಹೇಳಿ ಬರುವ ಪಾಸ್ಟರ್‌ಗಳು, ಸಭಾಹಿರಿಯರು ಈಗ ಹೆಚ್ಚುತ್ತಿದ್ದಾರೆ. ಅವರ ಉತ್ಸಾಹದ ಬಗ್ಗೆ ತಕರಾರಿಲ್ಲ. ಎಡವಟ್ಟಾಗುವುದು ಬಹುಮಟ್ಟಿಗೆ ಗಂಟೆಗಳ ಲೆಕ್ಕದಲ್ಲಿ.

ದಿನಕ್ಕೆ ಐದು ಗಂಟೆಯಂತೆ ಐದು ದಿನಕ್ಕೆ 25 ಗಂಟೆ. ತರ್ಜುಮೆಯ ಮೂಲಕ ಕಲಿಸುವಾಗ ಪ್ರತಿ ಮಾತೂ ಎರಡು ಸಲ ಆಗಬೇಕು. ಕೈಯಲ್ಲಿ ಉಳಿಯುವುದು ಹನ್ನೆರಡೂವರೆ ಗಂಟೆ. ಪ್ರಶ್ನೋತ್ತರ, ಪರೀಕ್ಷೆ ಕಳೆದರೆ ಇನ್ನೂ ಕಡಿಮೆ. ಇಷ್ಟರಲ್ಲಿ ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16 ಅಧ್ಯಾಯ ಮುಗಿಸಲು ಹೊರಟವರು ಎಂಟನೆಯದಕ್ಕೆ ಬರುವಷ್ಟರಲ್ಲಿ ಓಡತೊಡಗುತ್ತಾರೆ. ಇಸ್ರಾಯೇಲ್ಯರ ಕುರಿತ 9ರಿಂದ 11, ಅಂದರೆ ಬೋಧಕರ ನೆರವು ನಿಜಕ್ಕೂ ಬೇಕಾದ ಭಾಗವೇ, ಹಾರಿಹೋಗುತ್ತದೆ. ನಾಲ್ಕು ಅಧ್ಯಾಯದ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯೋ ರೂತಳ ಪುಸ್ತಕವೋ ಆದರೆ ನಿಧಾನವಾಗಿ ಒಂದೊಂದೇ ವಚನ (ಬೈಬಲಿನ ಸಂಖ್ಯೆ ಹಾಕಿದ ವಾಕ್ಯ) ಬಿಡಿಸಬಹುದು. ಆದರೂ ವಿಷಯ ಆರಿಸುವ ಹಕ್ಕು ಅತಿಥಿಗಳದ್ದಲ್ಲ. ಬಂದವರೆಲ್ಲ ‘ನಾಯಕತ್ವ’ವನ್ನೇ ಹೇಳಿ ಹೋದರೆ ಕ್ರೈಸ್ತ ಸಭಾ ಚರಿತ್ರೆಯನ್ನು, ಚಿಕ್ಕ ಪ್ರವಾದಿಗಳನ್ನು (ಹಳೆ ಒಡಂಬಡಿಕೆಯ ಹನ್ನೆರಡು ಕಿರು ಪ್ರವಾದನಾ ಪುಸ್ತಕಗಳನ್ನು) ಕಲಿಸುವವರು ಯಾರು? ಯಾವ ಪಾಠ ಬಾಕಿ ಇದೆಯೆಂದು ಪ್ರಾಂಶುಪಾಲರನ್ನೇ ಕೇಳಬೇಕು.

ತರ್ಜುಮೆ ಮಾಡುವವರ ಕೈಗೆ ಟಿಪ್ಪಣಿ ಮೂರು ವಾರ ಮೊದಲೇ ಸೇರಲಿ. ‘ನೀತಿವಂತರೆಂದು ನಿರ್ಣಯಿಸುವುದು’, ‘ಪವಿತ್ರೀಕರಣ’ದಂಥ ಸಿದ್ಧಾಂತ ಪದಗಳ ಪಟ್ಟಿ ಬೇರೆಯಾಗಿ ಇರಲಿ, ಇಲ್ಲವಾದರೆ ಸೋಮವಾರ ಒಂದು ಪದ, ಬುಧವಾರ ಇನ್ನೊಂದು ಬಳಕೆಯಾಗಿ ವಿದ್ಯಾರ್ಥಿಗಳು ಎರಡು ಸಿದ್ಧಾಂತಗಳೆಂದು ಬರೆದುಕೊಳ್ಳುತ್ತಾರೆ. ಚಿಕ್ಕದಾದರೂ ಪೂರ್ತಿ ವಾಕ್ಯ ಹೇಳಿ ನಿಲ್ಲಿಸಬೇಕು. ಕ್ರಿಯಾಪದ ಕೊನೆಗೆ ಬರುವ ಭಾಷೆಗೆ ಅರ್ಧ ವಾಕ್ಯವನ್ನು ದಾಟಿಸಲಾಗದು. ಇಬ್ಬರು ಸಿಕ್ಕರೆ ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿ. ದಣಿದವರು ತಮಗರಿವಿಲ್ಲದೆ ಸಾರಾಂಶ ಹೇಳತೊಡಗುತ್ತಾರೆ. ಶ್ಲೇಷೆಯ ತಮಾಷೆಗಳು ಮನೆಯಲ್ಲೇ ಇರಲಿ.

ಹಲವರಿಗೆ ಹೊಳೆಯದ ತೊಡಕು ವಚನಗಳ ಸಂಖ್ಯೆಯದು. ‘ಯೆಹೋವನು ನನಗೆ ಕುರುಬನು’ ನಮಗೆ 23ನೇ ಕೀರ್ತನೆ, ರಷ್ಯನ್ನರು ಬಳಸುವ ಸಿನೊಡಲ್ ಅನುವಾದದ ಬೈಬಲಿನಲ್ಲಿ 22ನೆಯದು. ಯೋವೇಲ ಪುಸ್ತಕದ 2:28 (ಎರಡನೇ ಅಧ್ಯಾಯದ 28ನೇ ವಚನ) ಹೀಬ್ರೂ ಎಣಿಕೆಯಲ್ಲಿ 3:1. ಅಪೊಸ್ತಲರ ಕೃತ್ಯಗಳು 8:37 ಹಲವು ಹೊಸ ಅನುವಾದಗಳಲ್ಲಿ ಅಡಿಟಿಪ್ಪಣಿಗೆ ಇಳಿದಿದೆ. ವಿದ್ಯಾರ್ಥಿಗಳ ಕೈಯಲ್ಲಿರುವ ಅನುವಾದವನ್ನು ಮೊದಲೇ ತರಿಸಿಕೊಂಡು ಉಲ್ಲೇಖಗಳನ್ನು ತಾಳೆ ನೋಡದಿದ್ದರೆ ಪುಟ ಹುಡುಕುವುದರಲ್ಲೇ ತರಗತಿ ಮುಗಿಯುತ್ತದೆ.

ಟಿಪ್ಪಣಿಗಳನ್ನು ಪಿಡಿಎಫ್ ಮಾಡಿಯೇ ಕಳಿಸಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಕಡತದ ಅಕ್ಷರಗಳು ಬರೀ ಚೌಕಗಳಾಗಬಹುದು. ಪ್ರೊಜೆಕ್ಟರ್ ನಂಬದೆ ಕಪ್ಪುಹಲಗೆಯ ಮೇಲೆ ಬರೆಯುವಂತೆ ಪಾಠ ಜೋಡಿಸಿ. ಸೂಟ್‌ಕೇಸ್ ತುಂಬ ಪುಸ್ತಕ ಒಯ್ಯುವ ಮುನ್ನ ಗ್ರಂಥಪಾಲಕರನ್ನು ಒಂದು ಮಾತು ಕೇಳಿ. ಅಲ್ಲಿ ಓದುವವರಿಲ್ಲದ ಭಾಷೆಯ ಸಂಪುಟಗಳು ದಾನವಲ್ಲ, ಧೂಳು ಒರೆಸುವ ಕೆಲಸ.

ವೀಸಾ ವಿಚಾರದಲ್ಲಿ ಜಾಣತನ ಬೇಡ. ಸಂಬಳವಿಲ್ಲದಿದ್ದರೂ ಪ್ರವಾಸಿ ವೀಸಾದಲ್ಲಿ ಪಾಠ ಹೇಳುವುದು ಅನೇಕ ದೇಶಗಳಲ್ಲಿ ನಿಯಮಬಾಹಿರ. ಸಿಕ್ಕಿಬಿದ್ದರೆ ಅತಿಥಿ ಗಡೀಪಾರಾಗುತ್ತಾರೆ, ತೊಂದರೆ ಅನುಭವಿಸುವುದು ಅಲ್ಲೇ ಉಳಿಯುವ ಕಾಲೇಜು. ಆಮಂತ್ರಣ ಪತ್ರ ಪಡೆದು ಸರಿಯಾದ ವರ್ಗದಲ್ಲೇ ಅರ್ಜಿ ಹಾಕಬೇಕು. ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ 10 ದಿನಗಳ ನಂತರ ಎಂಬುದು ನೆನಪಿರಲಿ.

ಪರೀಕ್ಷೆಯನ್ನು ಗುರುವಾರವೇ ಮುಗಿಸಿ. ಉತ್ತರ ಪತ್ರಿಕೆಗಳನ್ನು ಓದಿ ಹೇಳಲು ತರ್ಜುಮೆಯವರಿಗೂ ಒಂದು ದಿನ ಬೇಕು. ಅಂಕಪಟ್ಟಿಗೆ ಸಹಿ ಹಾಕಿ ಕಚೇರಿಗೆ ಒಪ್ಪಿಸಿಯೇ ವಿಮಾನ ಹತ್ತಬೇಕು. ಊರಿಗೆ ಹೋಗಿ ಕಳಿಸುತ್ತೇನೆಂದ ಅಂಕಗಳು ಬಾರದೆ ವಿದ್ಯಾರ್ಥಿಯ ಪದವಿಯೇ ತಡವಾಗುವುದುಂಟು.

– ಓರ್ವ ವೇದಶಾಸ್ತ್ರ ಬೋಧಕ