ಕಾನ್ಸಾಸ್‌ನ ಆ ದುಡ್ಡು: ಮಗಳಿಗೊಂದು ಪತ್ರ

ಪುಟ್ಟೀ,

ಭಾನುವಾರ ರಾತ್ರಿ ಫೋನಿನಲ್ಲಿ ಆಡಿದ್ದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. "ಯಾರ ದುಡ್ಡಾದರೇನು, ತಗೋ, ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಆದರೆ ಸಾಕು" ಎಂದವಳು ನಾನು. ಶೌಚಾಲಯಕ್ಕಾಗಿ ನೀವಿಬ್ಬರೂ ನಡೆಸುತ್ತಿದ್ದ ಸಹಿ ಸಂಗ್ರಹಕ್ಕೆ ದುಡ್ಡು ಕೊಟ್ಟ ಆ ಬಿಲ್ಡರ್ ನಿಮ್ಮದೇ ವೇದಿಕೆ ಹತ್ತಿ, ಹೂವು ಹಣ್ಣು ಮಾರುವವರನ್ನೆಲ್ಲ ಎತ್ತಂಗಡಿ ಮಾಡಿಸಬೇಕು ಎಂದಾಗ ನಿನ್ನ ಗೆಳತಿ ಎದ್ದು ಹೋದಳಲ್ಲ, ಅವಳು ಮಾಡಿದ್ದು ಸರಿ. ಅವಳ ತಾಯಿ ಅದೇ ನಿಲ್ದಾಣದೆದುರು ಹೂ ಮಾರಿ ಮಗಳನ್ನು ಓದಿಸಿದವರು. ನೀನೀಗ "ಅವಳ ಪಾಡಿಗೆ ಅವಳು, ನಾನು ಬೇರೆ ಸಮಿತಿ ಮಾಡ್ತೀನಿ" ಅನ್ನುತ್ತಿದ್ದೀಯ. ಆ ಮಾತು ಕೇಳಿದಾಗಿನಿಂದ ನನ್ನ ತಲೆಯಲ್ಲಿ 1869 ಅನ್ನುವ ಇಸವಿಯೊಂದೇ ಸುತ್ತುತ್ತಿದೆ. ಅಮೆರಿಕದಲ್ಲಿ ಹೆಂಗಸರ ಮತದ ಹಕ್ಕಿನ ಚಳವಳಿ ಎರಡಾಗಿ ಒಡೆದ ವರ್ಷ ಅದು. ತರಗತಿಯಲ್ಲಿ ಅಷ್ಟು ಸಲ ಪಾಠ ಮಾಡಿದ್ದನ್ನು ನಿನಗೆ ನೆಟ್ಟಗೆ ಕೂರಿಸಿಕೊಂಡು ಹೇಳಲೇ ಇಲ್ಲ ನೋಡು.

ಆ ಚಳವಳಿಯನ್ನು ಮುನ್ನಡೆಸಿದ ಎಲಿಜಬೆತ್ ಕ್ಯಾಡಿ ಸ್ಟ್ಯಾಂಟನ್ ಮತ್ತು ಸೂಸನ್ ಬಿ. ಆಂಥನಿ ಭೇಟಿಯಾದದ್ದು 1851ರ ಮೇ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನ ಬೀದಿಯ ತಿರುವಿನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1848ರ ಜುಲೈ 19 ಮತ್ತು 20ರಂದು, ಅದೇ ಊರಿನ ಪ್ರಾರ್ಥನಾಮಂದಿರದಲ್ಲಿ ಸ್ಟ್ಯಾಂಟನ್ ಮತ್ತು ಲುಕ್ರೀಷಿಯಾ ಮಾಟ್ ಮೊದಲಾದವರು ಸೇರಿ ಹೆಣ್ಣಿನ ಹಕ್ಕುಗಳ ಮೊದಲ ಸಮಾವೇಶ ನಡೆಸಿದ್ದರು. ಅಲ್ಲಿ ಹೊರಡಿಸಿದ ಹಕ್ಕುಗಳ ಘೋಷಣೆಗೆ ಸಹಿ ಹಾಕಿದವರು ನೂರು ಜನ: 68 ಹೆಂಗಸರು, 32 ಗಂಡಸರು. ಮತದಾನದ ಹಕ್ಕು ಕೇಳುವ ನಿರ್ಣಯ ಬಿದ್ದುಹೋಗುವಂತಿದ್ದಾಗ ಅದರ ಪರ ಎದ್ದು ಮಾತಾಡಿದವರು ಫ್ರೆಡರಿಕ್ ಡಗ್ಲಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಮನುಷ್ಯ. ಆ ಹೆಸರನ್ನು ನೆನಪಿಡು.

ಸ್ಟ್ಯಾಂಟನ್‌ಗೆ ಬರವಣಿಗೆ ಬರುತ್ತಿತ್ತು, ಮನೆ ಬಿಟ್ಟು ಹೊರಡಲು ಆಗುತ್ತಿರಲಿಲ್ಲ, ಏಳು ಮಕ್ಕಳು. ಆಂಥನಿಗೆ ಮದುವೆಯಿಲ್ಲ, ಲೆಕ್ಕ, ಓಡಾಟ, ಸಂಘಟನೆ ಎಲ್ಲ ಬರುತ್ತಿತ್ತು, ಪೆನ್ನು ಮಾತ್ರ ಓಡುತ್ತಿರಲಿಲ್ಲ. 1856ರಲ್ಲಿ ಶಿಕ್ಷಕರ ಸಮ್ಮೇಳನಕ್ಕೆ ಭಾಷಣ ಬರೆದುಕೊಡು ಎಂದು ಆಂಥನಿ ಕಾಗದದಲ್ಲಿ ಅಂಗಲಾಚಿದರು: ಒಂದು ಕೂಸು ತೊಡೆಯ ಮೇಲಿರಲಿ, ಇನ್ನೊಂದು ಕಾಲ ಬಳಿ ಇರಲಿ, ನಾಲ್ಕು ಗಂಡುಮಕ್ಕಳು ಗಲಾಟೆ ಮಾಡುತ್ತಿರಲಿ, ನೀನು ಬರೆಯಲು ಕೂತುಕೋ ಅಂತ. ಸ್ಟ್ಯಾಂಟನ್ ಉತ್ತರ: ಇಲ್ಲಿಗೇ ಬಾ, ಮಗು ಎತ್ತಿಕೋ, ಅಡುಗೆ ನೋಡಿಕೋ, ನಾನು ಬರೆಯುತ್ತೇನೆ. ಕೆಲಸ ನಡೆದದ್ದೂ ಹಾಗೆಯೇ. ಸಿಡಿಲನ್ನು ಕಾಸಿ ಬಡಿದವಳು ನಾನು, ಎಸೆದವಳು ಅವಳು ಎಂದು ಸ್ಟ್ಯಾಂಟನ್ ಮುಂದೆ ಬರೆದರು. ನಿಮ್ಮಿಬ್ಬರಲ್ಲಿ ಮನವಿ ಬರೆಯುವವಳು ನೀನು, ಮನೆ ಮನೆ ಹತ್ತಿ ಇಳಿಯುವವಳು ಅವಳು. ಅವಳಿಲ್ಲದೆ ನಿನ್ನ ಮನವಿ ಯಾರ ಬಾಗಿಲಿಗೆ ಹೋಗುತ್ತದೆ ಹೇಳು. (ಅಂದಹಾಗೆ, ಆ ತೊಡೆಯ ಮೇಲಿನ ಕೂಸಿನ ಹೆಸರು ಹ್ಯಾರಿಯಟ್. ಆಗ ಐದು ತಿಂಗಳು.)

ಸಹಿ ಸಂಗ್ರಹದ ವಿಷಯ ಹೇಳಬೇಕು, ಏಕೆಂದರೆ ನೀವಿಬ್ಬರೂ ಅದನ್ನು ಚೆನ್ನಾಗಿ ಮಾಡಿದ್ದೀರಿ. ನಿಮ್ಮ ವಾರ್ಡುವಾರು ಹಾಳೆಗಳನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಅವತ್ತು ಬಾಯಿಬಿಟ್ಟು ಹೇಳಲಿಲ್ಲ.

1853ರಲ್ಲಿ ಆಂಥನಿ ತಾವೇ ಕಟ್ಟಿದ್ದ ಪಾನನಿರೋಧ ಮಹಿಳಾ ಸಂಘಗಳನ್ನು ನೋಡಲು ಊರೂರು ತಿರುಗಿದರು. ಹೆಚ್ಚಿನವು ಸತ್ತುಹೋಗಿದ್ದವು. ಕಾರಣ ಕೇಳಿದರೆ ಎಲ್ಲ ಕಡೆ ಒಂದೇ: ಹೆಂಗಸರ ಕೈಯಲ್ಲಿ ದುಡ್ಡಿಲ್ಲ. ಮದುವೆಯಾದವಳ ಕೂಲಿಯೂ ಕಾನೂನಿನ ಪ್ರಕಾರ ಗಂಡನದು. ಹಾಗಾಗಿ ಮೊದಲು ಹಿಡಿದದ್ದು ಆ ಕಾನೂನನ್ನು. 60 ಹೆಂಗಸರನ್ನು ಆರಿಸಿ ಒಂದೊಂದು ಜಿಲ್ಲೆಗೆ ಒಬ್ಬೊಬ್ಬರನ್ನು ಮುಖ್ಯಸ್ಥೆ ಮಾಡಿದರು. ಅರ್ಜಿ ಎರಡು: ಆಸ್ತಿ, ಕೂಲಿ, ಮಕ್ಕಳ ಹಕ್ಕಿಗೆ ಒಂದು, ಮತದ ಹಕ್ಕಿಗೆ ಇನ್ನೊಂದು. ಇದರಲ್ಲೇ ಇರುವುದು ಜಾಣತನ. ವೋಟು ಅಂದರೆ ಬೆಚ್ಚುವವಳು ಕೂಲಿ ಅಂದರೆ ಸಹಿ ಹಾಕುತ್ತಾಳೆ. ಎರಡನ್ನೂ ಒಂದೇ ಹಾಳೆಯಲ್ಲಿಟ್ಟರೆ ಎರಡೂ ಹೋಗುತ್ತವೆ. ಹತ್ತು ವಾರಗಳಲ್ಲಿ ಮೊದಲನೆಯದಕ್ಕೆ 6,000ದ ಹತ್ತಿರ, ಎರಡನೆಯದಕ್ಕೆ 4,000 ದಾಟಿ ಸಹಿ ಬಂತು. ಸ್ಟ್ಯಾಂಟನ್ ಬರೆದ ಭಾಷಣ ಜೊತೆಗಿತ್ತು. ಶಾಸಕರು ಅರ್ಜಿ ತಳ್ಳಿಹಾಕಿದರು.

1854ರ ಕ್ರಿಸ್‌ಮಸ್ ಹೊತ್ತಿಗೆ ಆಂಥನಿ 50 ಡಾಲರ್ ಸಾಲ ಹಿಡಿದು ಒಬ್ಬರೇ ಹೊರಟರು. ಹಿಮದಲ್ಲಿ ಜಾರುಗಾಡಿ, ಸಂಜೆ ಭಾಷಣಕ್ಕೆ 25 ಸೆಂಟ್ ಟಿಕೆಟ್, ಕರಪತ್ರ ಮಾರಾಟ. ಮೇ ಒಂದರ ಹೊತ್ತಿಗೆ 60 ಜಿಲ್ಲೆಗಳಲ್ಲಿ 54 ಮುಗಿದಿದ್ದವು. ಬಂದದ್ದು 2,367 ಡಾಲರ್, ಖರ್ಚು 2,291, ಉಳಿದದ್ದು 76. ಪೈಸೆ ಪೈಸೆಗೂ ಲೆಕ್ಕ ಬರೆದಿಟ್ಟಿದ್ದರಿಂದ ಇವತ್ತು ನಾನು ನಿನಗೆ ಇದನ್ನು ಹೇಳುತ್ತಿದ್ದೇನೆ. 1860ರಲ್ಲಿ ಕಾನೂನು ಬಂತು: ಹೆಂಡತಿಯ ದುಡಿಮೆ ಹೆಂಡತಿಯದು, ಮಕ್ಕಳ ಮೇಲೆ ತಾಯಿಗೂ ಸಮಾನ ಹಕ್ಕು. 1862ರಲ್ಲಿ, ಅಂತರ್ಯುದ್ಧದ ಗದ್ದಲದಲ್ಲಿ ಇವರು ಸಭೆಗಳನ್ನು ನಿಲ್ಲಿಸಿದ್ದಾಗ, ಆ ಮಕ್ಕಳ ಹಕ್ಕನ್ನು ಸದ್ದಿಲ್ಲದೆ ಕಿತ್ತುಕೊಂಡರು. ಹಾಗಾಗಿ ನಗರಸಭೆ "ಆಯ್ತಮ್ಮ, ಮಾಡ್ತೀವಿ" ಅಂದ ದಿನ ಮನೆಗೆ ಹೋಗಿ ಕೂರಬೇಡಿ. ಟೆಂಡರ್ ಆಗಲಿ, ನೀರಿನ ಸಂಪರ್ಕ ಬರಲಿ, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಗೊತ್ತಾಗಲಿ.

1863ರದ್ದು ಇನ್ನೂ ದೊಡ್ಡದು. ಗುಲಾಮಗಿರಿಯನ್ನು ಸಂವಿಧಾನ ತಿದ್ದುಪಡಿಯಿಂದಲೇ ಕಿತ್ತುಹಾಕಬೇಕು ಎಂದು ಇವರಿಬ್ಬರೂ ಮಹಿಳಾ ಸಂಘವೊಂದನ್ನು ಕಟ್ಟಿ ದೇಶದ ತುಂಬ ಅರ್ಜಿ ಹಂಚಿದರು. ಸಹಿ ಹಾಕುವವರು ಒಂದೊಂದು ಸೆಂಟ್ ಕೊಡಬೇಕು. ಅಂಚೆ ಖರ್ಚು ಅದರಿಂದ. ಬಂದ ಹಾಳೆಗಳನ್ನು ರಾಜ್ಯವಾರು ವಿಂಗಡಿಸಿ, ಒಂದರ ತುದಿಗೆ ಇನ್ನೊಂದನ್ನು ಅಂಟಿಸಿ, ಸುರುಳಿ ಸುತ್ತಿ, ಮೇಲೆ ಸಂಖ್ಯೆ ಬರೆದರು. 1864ರ ಫೆಬ್ರವರಿ 9ರಂದು ಮೊದಲ ಒಂದು ಲಕ್ಷ ಸಹಿಗಳ ಸುರುಳಿಗಳನ್ನು ಇಬ್ಬರು ಕಪ್ಪು ಜನಾಂಗದ ಗಂಡಸರು ಹೊತ್ತು ತಂದು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಸದಸ್ಯ ಚಾರ್ಲ್ಸ್ ಸಮ್ನರ್ ಅವರ ಮೇಜಿನ ಮೇಲಿಟ್ಟರು. ಹೆಂಗಸರು 65,601, ಗಂಡಸರು 34,399. ಕೊನೆಗೆ ಒಟ್ಟು ನಾಲ್ಕು ಲಕ್ಷದ ಹತ್ತಿರ ಬಂತು. ನೋಡು, ಒಂದು ಸೆಂಟ್. ಬಿಲ್ಡರ್ ಬೇಕಾಗಲಿಲ್ಲ.

ಈ ಇಬ್ಬರೇ ಮೂರು ವರ್ಷ ಕಳೆಯುವಷ್ಟರಲ್ಲಿ ಏನು ಮಾಡಿದರು ಅನ್ನುವುದು ನನಗೆ ಅರಗುವುದೇ ಇಲ್ಲ.

1867, ಕಾನ್ಸಾಸ್ ರಾಜ್ಯ. ಜನಮತಕ್ಕೆ ಎರಡು ಪ್ರಶ್ನೆ: ಕಪ್ಪು ಗಂಡಸರಿಗೆ ಮತ ಕೊಡಬೇಕೇ, ಹೆಂಗಸರಿಗೆ ಕೊಡಬೇಕೇ. ವಸಂತದಲ್ಲಿ ಇವರದೇ ಚಳವಳಿಯ ಲೂಸಿ ಸ್ಟೋನ್ ಮತ್ತು ಅವರ ಗಂಡ ಹೆನ್ರಿ ಬ್ಲ್ಯಾಕ್‌ವೆಲ್ ಅಲ್ಲಿ ತಿರುಗಿದರು, ಸೆಪ್ಟೆಂಬರಿನಲ್ಲಿ ಸ್ಟ್ಯಾಂಟನ್ ಮತ್ತು ಆಂಥನಿ ಹೋದರು. ಹೇಸರಗತ್ತೆ ಎಳೆಯುವ ಗಾಡಿ, ತಿಗಣೆ ತುಂಬಿದ ಹಾಸಿಗೆ. ನೆಚ್ಚಿಕೊಂಡಿದ್ದ ರಿಪಬ್ಲಿಕನ್ ಪಕ್ಷದವರು ಕೈಬಿಟ್ಟರು, ದುಡ್ಡು ಖಾಲಿಯಾಯಿತು. ಆಗ ಬಂದವನು ಜಾರ್ಜ್ ಫ್ರಾನ್ಸಿಸ್ ಟ್ರೇನ್, ದುಡ್ಡಿದ್ದವನು, ಮಾತುಗಾರ. ಹೆಂಗಸರಿಗೆ ಮತ ಕೊಡಿ ಅನ್ನುತ್ತಿದ್ದ, ಅದೇ ಉಸಿರಿನಲ್ಲಿ ಕಪ್ಪು ಜನರನ್ನು ಹೀಯಾಳಿಸುತ್ತಿದ್ದ. ಇವರು ಅವನ ಜೊತೆ ವೇದಿಕೆ ಹತ್ತಿದರು. ಹೆಂಗಸರ ಪರ ಬಿದ್ದದ್ದು ಸುಮಾರು 9,000 ಮತ, ಒಟ್ಟು 30,000ದಲ್ಲಿ. ಎರಡು ಪ್ರಶ್ನೆಗಳೂ ಸೋತವು.

ಸೋತ ಮೇಲಾದರೂ ಇವರು ಅವನನ್ನು ಬಿಡಬಹುದಿತ್ತು. ಬಿಡಲಿಲ್ಲ. ಪತ್ರಿಕೆ ಮಾಡೋಣ ಎಂದ ಟ್ರೇನ್. ಆಂಥನಿಗೆ ವಿಷಯ ಸರಿಯಾಗಿ ಗೊತ್ತಾಗುವ ಮೊದಲೇ ವೇದಿಕೆಯ ಮೇಲೆ ಹೆಸರು, ಬೆಲೆ, ಸಂಪಾದಕರು ಎಲ್ಲ ಘೋಷಿಸಿಬಿಟ್ಟ. ಇಂಥವರ ದುಡ್ಡು ಬರುವುದೇ ಹೀಗೆ, ಪುಟ್ಟೀ. ಮೊದಲು ಅವನ ಬಾಯಲ್ಲಿ ನಿನ್ನ ಹೆಸರು ಬರುತ್ತದೆ, ಆಮೇಲೆ ಅವನ ಮಾತೆಲ್ಲ ನಿನ್ನ ತಲೆಗೆ ಬರುತ್ತದೆ. 1868ರ ಜನವರಿ 8ರಂದು 'ದ ರೆವಲ್ಯೂಷನ್' ಹೊರಬಂತು. ಟ್ರೇನ್ ಅದೇ ತಿಂಗಳು ಐರ್ಲೆಂಡಿಗೆ ಹೋಗಿ ಜೈಲು ಸೇರಿದ, ಹೇಳಿದಷ್ಟು ದುಡ್ಡು ಬರಲಿಲ್ಲ. 1870ರಲ್ಲಿ ಪತ್ರಿಕೆಯನ್ನು ಒಂದು ಡಾಲರಿಗೆ ಮಾರಬೇಕಾಯಿತು. 10,000 ಡಾಲರ್ ಸಾಲ ಆಂಥನಿಯ ಮೇಲೆ ಬಿತ್ತು. ಸ್ಟ್ಯಾಂಟನ್ ಅದರಲ್ಲಿ ಪಾಲು ಹೊರಲಿಲ್ಲ. ಆರು ವರ್ಷ ಊರೂರು ಭಾಷಣ ಮಾಡಿ, 1876ರ ಮೇ ತಿಂಗಳಲ್ಲಿ ಆಂಥನಿ ಅದನ್ನು ತೀರಿಸಿದರು.

ಸಾಲ ತೀರುತ್ತದೆ. 1869ರಲ್ಲಿ ಒಡೆದದ್ದು ಹಾಗೆ ತೀರಲಿಲ್ಲ. ಆ ಮೇ ತಿಂಗಳ ನ್ಯೂಯಾರ್ಕ್ ಸಭೆಯನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಪ್ಪು ಗಂಡಸರಿಗೆ ಮತ ಕೊಡುವ 15ನೇ ತಿದ್ದುಪಡಿ ಮುಂದಿತ್ತು. ಹೆಂಗಸರನ್ನು ಬಿಟ್ಟ ತಿದ್ದುಪಡಿ ಬೇಡ ಎಂದು ಇವರಿಬ್ಬರು. ಸ್ಟ್ಯಾಂಟನ್ ತಮ್ಮ ಪತ್ರಿಕೆಯಲ್ಲಿ ಕಪ್ಪು ಜನರನ್ನೂ ವಲಸಿಗರನ್ನೂ ಕೀಳಾಗಿ ಬರೆದರು. ಅದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಡಗ್ಲಸ್ ಎದ್ದು ನಿಂತರು. ಹೆಣ್ಣು ಎಂಬ ಕಾರಣಕ್ಕೇ ಹೆಣ್ಣನ್ನು ಮನೆಯಿಂದ ಎಳೆದು ದೀಪದ ಕಂಬಕ್ಕೆ ನೇಣು ಹಾಕುವ ಕಾಲ ಬಂದರೆ ಆಗ ನಿಮಗೂ ನಮ್ಮಷ್ಟೇ ತುರ್ತು ಇರುತ್ತದೆ ಎಂದರು. ಕಪ್ಪು ಹೆಣ್ಣಿಗೂ ಇದೇ ಆಗುತ್ತಿಲ್ಲವೇ ಎಂದು ಸಭೆಯಿಂದ ಯಾರೋ ಕೇಳಿದರು. ಹೌದು, ಆದರೆ ಹೆಣ್ಣು ಎಂದಲ್ಲ, ಕಪ್ಪು ಎಂದು, ಅಂದರು ಡಗ್ಲಸ್. ಯೋಚನೆ ಮಾಡು: ಹೆಂಗಸರ ಮತಕ್ಕಾಗಿ ಮೊದಲ ಸಭೆಯಲ್ಲೇ ದನಿ ಎತ್ತಿದ ಮನುಷ್ಯ ಆತ. ಅವರನ್ನು ಎದುರು ನಿಲ್ಲಿಸಿಕೊಂಡದ್ದು ಟ್ರೇನ್‌ನಂಥವನ ದುಡ್ಡಿನ ಬೆನ್ನಿಗೆ.

ಮೇ 15ರಂದು ಇವರು ಒಂದು ರಾಷ್ಟ್ರೀಯ ಸಂಘ ಮಾಡಿಕೊಂಡರು. ನವೆಂಬರಿನಲ್ಲಿ ಲೂಸಿ ಸ್ಟೋನ್ ಕಡೆಯವರು ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು ಮಾಡಿಕೊಂಡರು. ಎರಡು ಸಂಘ, ಎರಡು ಪತ್ರಿಕೆ, ಎರಡು ಚಂದಾ ಪುಸ್ತಕ. ಒಂದಾಗಲು 1890ರ ಫೆಬ್ರವರಿ ಆಯಿತು. ಎಷ್ಟು ವರ್ಷ ಲೆಕ್ಕ ಹಾಕು. ನಾನಂತೂ ದಿನವೂ ಹಾಕುತ್ತಿದ್ದೇನೆ. ಮಗು ಹುಟ್ಟಿ ಮತದಾರಳಾಗುವಷ್ಟು ಕಾಲ. ನಡುವೆ ಯಾರೂ ಸುಮ್ಮನಿರಲಿಲ್ಲ ನಿಜ. 1872ರಲ್ಲಿ ಆಂಥನಿ ರಾಚೆಸ್ಟರಿನಲ್ಲಿ ಮತ ಹಾಕಿ ಬಂಧನಕ್ಕೊಳಗಾದರು, ಮರುವರ್ಷ ನ್ಯಾಯಾಧೀಶರು ಹಾಕಿದ 100 ಡಾಲರ್ ದಂಡವನ್ನು ಕೊನೆಯವರೆಗೂ ಕಟ್ಟಲಿಲ್ಲ. ಆದರೆ ಲೂಸಿ ಸ್ಟೋನ್ ಜೊತೆಗಿನ ಮುನಿಸು ಎಷ್ಟು ಆಳಕ್ಕಿಳಿದಿತ್ತೆಂದರೆ, ಚಳವಳಿಯ ಇತಿಹಾಸ ಬರೆಯುತ್ತೇವೆ, ನಿಮ್ಮ ವಿವರ ಕೊಡಿ ಎಂದು ಸ್ಟ್ಯಾಂಟನ್ ಕೇಳಿದಾಗ ಲೂಸಿ ಕೊಡಲಿಲ್ಲ. ಒಂದು ಬಣದವರು ಇನ್ನೊಂದು ಬಣದ ಚರಿತ್ರೆ ಬರೆಯಬಾರದು ಎಂಬುದು ಅವರ ವಾದ.

ಆ ಕೂಸು ಹ್ಯಾರಿಯಟ್ ಇಲ್ಲಿ ಬರುತ್ತಾಳೆ. ಇತಿಹಾಸದ ಎರಡನೇ ಸಂಪುಟ ಸಿದ್ಧವಾಗುವಾಗ ಅವಳಿಗೆ 26. ಲೂಸಿ ಸ್ಟೋನ್ ಸಂಘದ ಅಧ್ಯಾಯ ಅದರಲ್ಲಿರಲಿಲ್ಲ. ಇದಿಲ್ಲದೆ ಪುಸ್ತಕ ಪೂರ್ತಿಯಲ್ಲ ಎಂದು ಹಟ ಹಿಡಿದು, ಕೂತು, ನೂರಕ್ಕೂ ಹೆಚ್ಚು ಪುಟ ಅವಳೇ ಬರೆದಳು. ಸಂಪುಟ 1882ರಲ್ಲಿ ಬಂತು. ಆ ಕಡೆ ಲೂಸಿಯ ಮಗಳು ಆಲಿಸ್ ಸ್ಟೋನ್ ಬ್ಲ್ಯಾಕ್‌ವೆಲ್ 1887ರಿಂದ ಸಂಘಗಳನ್ನು ಕೂಡಿಸುವ ಮಾತುಕತೆಯಲ್ಲಿ ನಿಂತಳು. ತಾಯಂದಿರು ಕಟ್ಟಿದ ಗೋಡೆಯನ್ನು ಒಡೆಯಲು ಮಕ್ಕಳು ಬೇಕಾಯಿತು. ನಿನಗೆ ನನ್ನಿಂದ ಹಾಗಾಗಬಾರದು ಎಂದೇ ಮೊದಲ ಸಾಲುಗಳಲ್ಲಿ ನನ್ನ ತಪ್ಪು ಬರೆದೆ.

ಸ್ನೇಹ ಉಳಿಸಿಕೊಳ್ಳುವುದು ಆಂಥನಿಗೆ ಬರುತ್ತಿತ್ತು ಎನ್ನುವುದನ್ನೂ ಹೇಳದಿದ್ದರೆ ಅನ್ಯಾಯ. ಬೈಬಲ್ಲನ್ನು ಹೆಣ್ಣಿನ ಕಣ್ಣಿನಿಂದ ಓದಿ ಸ್ಟ್ಯಾಂಟನ್ 1895ರಲ್ಲಿ ತಂದ ಪುಸ್ತಕ ಆಂಥನಿಗೆ ಹಿಡಿಸಲಿಲ್ಲ. ಆದರೂ 1896ರ ಜನವರಿಯಲ್ಲಿ ಸಂಘ ಅದನ್ನು ತಿರಸ್ಕರಿಸುವ ನಿರ್ಣಯ ತಂದಾಗ ಗೆಳತಿಯ ಪರ ಎದ್ದು ಮಾತಾಡಿದರು. 53ಕ್ಕೆ 41ರಿಂದ ಸೋತರು. ಇಬ್ಬರೂ ರಾಜೀನಾಮೆ ಕೊಡೋಣ ಎಂದು ಸ್ಟ್ಯಾಂಟನ್. ಆಂಥನಿ ಸಂಘ ಬಿಡಲಿಲ್ಲ, ಸ್ಟ್ಯಾಂಟನ್‌ರನ್ನೂ ಬಿಡಲಿಲ್ಲ. ಡಗ್ಲಸ್ ಜೊತೆಗೂ ಮಾತು ಮತ್ತೆ ಕೂಡಿತ್ತು. 1895ರ ಫೆಬ್ರವರಿ 20ರಂದು ಅವರು ತೀರಿಕೊಂಡದ್ದು ಮಹಿಳೆಯರ ಸಭೆಯೊಂದರಲ್ಲಿ ಹಗಲೆಲ್ಲ ಕೂತು ಮನೆಗೆ ಬಂದ ಮೇಲೆ.

ಈಗ ಮಾಡಬೇಕಾದ್ದು. ಉಪದೇಶ ಜಾಸ್ತಿಯಾಯಿತು, ಗೊತ್ತು, ಇದೊಂದು ಕೇಳಿಬಿಡು. ಬಿಲ್ಡರ್ ಕೊಟ್ಟದ್ದರಲ್ಲಿ ಖರ್ಚಾಗದೆ ಉಳಿದದ್ದನ್ನು ಚೆಕ್ಕಿನಲ್ಲಿ ವಾಪಸ್ ಮಾಡು, ರಶೀದಿ ತಗೋ. ಖರ್ಚಾದದ್ದಕ್ಕೆ ನನ್ನ ಪಿಂಚಣಿಯಿಂದ ಕಳಿಸುತ್ತೇನೆ, ಹೇಳಿಕೊಟ್ಟವಳು ನಾನಲ್ಲವೇ. ಅವನ ಹೆಸರಿರುವ ಬ್ಯಾನರ್ ಇಳಿಸು. ಸಹಿ ಹಾಳೆಗಳ ಎರಡು ಸೆಟ್ ಝೆರಾಕ್ಸ್ ತೆಗೆಸಿ ಒಂದನ್ನು ಅವಳಿಗೆ ತಲುಪಿಸು. ಅರ್ಧಕ್ಕರ್ಧ ಅವಳು ಬಿಸಿಲಲ್ಲಿ ನಿಂತು ತಂದ ಸಹಿ. ಮನವಿಯಲ್ಲಿ ಹೂವು ಹಣ್ಣಿನವರ ಜಾಗದ ಬಗ್ಗೆ ಒಂದು ಸಾಲು ಸೇರಿಸು, ಅದನ್ನು ಅವಳ ಕೈಯಲ್ಲೇ ಬರೆಸು. ಬೇರೆ ಸಮಿತಿಯ ನೋಂದಣಿಗೆ ಇನ್ನೊಂದು ತಿಂಗಳು ಅರ್ಜಿ ಹಾಕಬೇಡ.

ಅವಳು ಬಾಗಿಲು ತೆರೆಯದೇ ಇರಬಹುದು. ಆಗ ಸಿಟ್ಟು ಮಾಡಿಕೊಂಡು ಬರಬೇಡ, ಹಾಳೆಗಳನ್ನು ಅವಳ ತಾಯಿಯ ಕೈಗೆ ಕೊಟ್ಟು ಬಾ. ಅವರಿಗೆ ನಾನೇ ಒಂದು ಸಲ ಫೋನ್ ಮಾಡಲೇ? ಬೇಡ ಅಂದರೆ ಮಾಡುವುದಿಲ್ಲ.

ಅಮ್ಮ