ಶೇಂಗಾ ಬೂಷ್ಟು: ಮೂರು ಕಡೆಯವರೂ ಕೂಡಲಿ

ಮಾನ್ಯರೆ,
ಶೇಂಗಾಕ್ಕೆ ಹತ್ತುವ ಹಳದಿ-ಹಸಿರು ಬೂಷ್ಟು ಬಿಡುವ ವಿಷವೇ ಅಫ್ಲಟಾಕ್ಸಿನ್. ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಇದು ಹುರಿದರೂ ಪೂರ್ತಿ ಹೋಗದು. ಇಂಥ ಶೇಂಗಾದ ಹಿಂಡಿ ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಈ ವಿಷದ ಪ್ರಮಾಣ ಅಳೆಯಲು ಎಲೈಸಾ ಎಂಬ ಅಗ್ಗದ ಪರೀಕ್ಷೆ ರೂಪಿಸಿ ವರ್ಷಗಳೇ ಆದವು. ಎಡವಟ್ಟಾಗುವುದು ಮಾದರಿ ತೆಗೆಯುವಲ್ಲಿ. ವಿಷ ಕೆಲವೇ ಬೀಜಗಳಲ್ಲಿ ತುಂಬಿರುತ್ತದೆ. ಮೇಲಿನ ಚೀಲದಿಂದ ಒಂದು ಹಿಡಿ ತೆಗೆದರೆ ಫಲಿತಾಂಶವನ್ನು ನಂಬುವಂತಿಲ್ಲ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು, ಕೂಡಿಸಿ, ನುಣ್ಣಗೆ ಬೀಸಿ, ಆಮೇಲೆ ಅಳೆಯಬೇಕು.

ತಡೆ ಹೊಲದಲ್ಲೇ ಶುರುವಾಗಬೇಕು. ಬಿತ್ತುವ ಮುನ್ನ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಿ ಬೀಜೋಪಚಾರ ಮಾಡಿ. (ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಕಲಸಿದರೆ ಅದೇ ಸತ್ತೀತು!) ಕೊಯ್ಲಿಗೆ ಮುಂಚಿನ ಮೂರು-ನಾಲ್ಕು ವಾರ ಮಣ್ಣಿನ ತೇವ ಆರದಿರಲಿ. ಕಿತ್ತ ಗಿಡವನ್ನು ಕಾಯಿ ಮೇಲಾಗಿ ಒಣಗಿಸಿ, ತೇವಾಂಶ ಶೇ 8ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಸುಲಿಯಲು ಸುಲಭವೆಂದು ಒಣಕಾಯಿಗೆ ನೀರು ಚಿಮುಕಿಸುವ ರೂಢಿಯೊಂದಿದೆ. ಮಾಡಿದ್ದೆಲ್ಲ ಅಲ್ಲಿಗೆ ನೀರುಪಾಲು.

ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಹಾಲು ಒಕ್ಕೂಟ ಬೇರೆಬೇರೆ ವರದಿ ಬರೆಯುವ ಬದಲು ಒಂದೇ ಹಳ್ಳಿಯ ಕಾಯಿ, ಹಿಂಡಿ, ಹಾಲನ್ನು ಒಟ್ಟಿಗೆ ಪರೀಕ್ಷಿಸಲಿ. ಚಳ್ಳಕೆರೆ, ಪಾವಗಡದ ಕಡೆಯಿಂದಲೇ ಶುರುಮಾಡಬಹುದು.