ಕೆಂಪು ಬಲ್ಬಿನ ಸಣ್ಣ ವಯರು: ಅಳಿಯನಿಗೊಂದು ಪತ್ರ

ಮಲ್ಪೆ
ಜೂನ್ 20

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಬೋಟನ್ನು ದಡಕ್ಕೆ ಹತ್ತಿಸಿ, ಲಾರಿಯ ಆರು ಸಿಲಿಂಡರ್ ಇಂಜಿನ್ ಕೂರಿಸಿದ್ದೀ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ತುಂಬಾ ಸಂತೋಷವಾಯಿತು. ಗೇರ್‌ಬಾಕ್ಸ್, ಉಪ್ಪುನೀರಿನ ಪಂಪು ಎಲ್ಲ ಫಿಟ್ಟರ್ ನೋಡಿಕೊಳ್ಳುತ್ತಾನೆ, ವಯರಿಂಗ್ ಮಾತ್ರ ನಿನ್ನದೇ ಅಂತೆ. ಅದಕ್ಕೇ ಬರೆಯುತ್ತಿದ್ದೇನೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ, ಅವಸರ ಮಾಡಬೇಡ.

ಮೊದಲು ನನಗೆ ಆದದ್ದು ಹೇಳುತ್ತೇನೆ. ನನ್ನ ಮೊದಲ ಬೋಟಿನಲ್ಲೂ ಲಾರಿ ಇಂಜಿನ್ನೇ ಇತ್ತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವಯರನ್ನು ಮೇನ್ ಸ್ವಿಚ್ಚಿನ ಆಚೆ ಬದಿಗೆ, ಅಂದರೆ ಬ್ಯಾಟರಿ ಇಲ್ಲದ ಕಡೆಗೆ ಕೊಟ್ಟಿದ್ದೆ. ಚಾರ್ಜ್ ಆಗದಿದ್ದರೆ ಉರಿದು ತೋರಿಸುವ ಕೆಂಪು ಬಲ್ಬು ಹಾಕಿರಲೇ ಇಲ್ಲ. ವೇಗ ಕೊಟ್ಟರೆ ತಾನೇ ಚಾರ್ಜ್ ಆಗುತ್ತದಲ್ಲ, ಬಲ್ಬು ಯಾಕೆ ಅಂದುಕೊಂಡಿದ್ದೆ. ಒಂದು ದಿನ ಇಂಜಿನ್ ಓಡುತ್ತಿರುವಾಗಲೇ ಒಬ್ಬ ಹುಡುಗ ಮೇನ್ ಸ್ವಿಚ್ ತಿರುಗಿಸಿ, ಮತ್ತೆ ಹಾಕಿದ. ಅಷ್ಟೇ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಸುಟ್ಟವು. ಚಾರ್ಜಿಂಗ್ ನಿಂತದ್ದು ನಮಗೆ ಗೊತ್ತೇ ಆಗಲಿಲ್ಲ. ಡೀಸೆಲ್ ಪಂಪಿಗೆ ಕರೆಂಟು ಬೇಡವಲ್ಲ, ಇಂಜಿನ್ ಸುಮ್ನೆ ಓಡುತ್ತಲೇ ಇತ್ತು. ಲೈಟು, ವಯರ್‌ಲೆಸ್ಸು, ಫಿಶ್ ಫೈಂಡರು ಎಲ್ಲ ಸೇರಿ ಬ್ಯಾಟರಿ ಹೀರಿದವು. ರಾತ್ರಿ ಲಂಗರು ಹಾಕಿ ಇಂಜಿನ್ ನಿಲ್ಲಿಸಿದೆವು. ಬೆಳಿಗ್ಗೆ ಸ್ಟಾರ್ಟರ್ 'ಟಕ್' ಅಂದು ಸುಮ್ಮನಾಯಿತು. ಅಷ್ಟು ದೊಡ್ಡ ಇಂಜಿನ್ನನ್ನು ಕೈಯಲ್ಲಿ ತಿರುಗಿಸಲು ಆಗುತ್ತದಾ? ವಯರ್‌ಲೆಸ್ಸೂ ಸತ್ತಿತ್ತು. ಮಧ್ಯಾಹ್ನದ ತನಕ ಬಟ್ಟೆ ಬೀಸುತ್ತಾ ಕೂತೆವು, ಆಮೇಲೆ ಒಂದು ಬೋಟು ನೋಡಿ ಹತ್ತಿರ ಬಂತು. ಗಾಳಿ ಎದ್ದಿದ್ದರೆ ಏನಾಗುತ್ತಿತ್ತೋ! ನನ್ನನ್ನು ನಂಬಿ ಬಂದ ಏಳು ಜನ ಇದ್ದರು.

ಹಾಗಾಗಿ ಬಿ ಪ್ಲಸ್ಸಿನ, ಅಂದರೆ ಆಲ್ಟರ್ನೇಟರಿನಿಂದ ಚಾರ್ಜ್ ಹೊರಬರುವ ಬೋಲ್ಟಿನ, ದಪ್ಪ ವಯರನ್ನು ಮೇನ್ ಸ್ವಿಚ್ಚಿನ ಬ್ಯಾಟರಿ ಕಡೆಯ ಬೋಲ್ಟಿಗೇ ಕೊಡು. ಯಾರು ಸ್ವಿಚ್ ತಿರುಗಿಸಿದರೂ ಆಲ್ಟರ್ನೇಟರಿಗೂ ಬ್ಯಾಟರಿಗೂ ಸಂಬಂಧ ಕಡಿಯಬಾರದು. ನಡುವೆ ಫ್ಯೂಸ್ ಇರಲಿ, ಅದೂ ಬ್ಯಾಟರಿಗೆ ಹತ್ತಿರ. ವಯರು ಎಲ್ಲೋ ಉಜ್ಜಿ ಶಾರ್ಟ್ ಆದರೆ ಬೆಂಕಿಗೆ ಬೇಕಾದ ಕರೆಂಟು ಬರುವುದು ಬ್ಯಾಟರಿಯಿಂದಲೇ.

ಆಲ್ಟರ್ನೇಟರಿನ ಇನ್ನೊಂದು ಸಣ್ಣ ಬೋಲ್ಟು ಡಿ ಪ್ಲಸ್, ಅದರ ಸಣ್ಣ ವಯರು ಕೀ ಸ್ವಿಚ್ಚಿನಿಂದ ಕೆಂಪು ಬಲ್ಬಿನ ಮೂಲಕ ಬರಬೇಕು. ಈ ಬಲ್ಬು ಅಂದಕ್ಕೆ ಇರುವುದಲ್ಲ ಮಾರಾಯಾ. ಅದರೊಳಗೆ ಹಾದುಬರುವ ಸ್ವಲ್ಪ ಕರೆಂಟೇ ಆಲ್ಟರ್ನೇಟರಿನೊಳಗೆ ತಿರುಗುವ ರೋಟರನ್ನು ಅಯಸ್ಕಾಂತ ಮಾಡಿ ಚಾರ್ಜಿಂಗ್ ಶುರು ಮಾಡಿಸುವುದು. ಚಾರ್ಜ್ ಆಗತೊಡಗಿದರೆ ಎರಡೂ ಬದಿಯ ವೋಲ್ಟೇಜ್ ಸಮ ಆಗಿ ಬಲ್ಬು ಆರುತ್ತದೆ. ನಿನ್ನದು 24 ವೋಲ್ಟಿನ ಇಂಜಿನ್, 24 ವೋಲ್ಟು 3 ವಾಟಿನ ಮಾಮೂಲಿ ಬಲ್ಬು ತೆಗೆದುಕೋ. ಎಲ್‌ಇಡಿ ಹಾಕಿದರೆ ಕರೆಂಟು ಸಾಲುವುದಿಲ್ಲ. ಹಾಕಲೇಬೇಕು ಅಂತಿದ್ದರೆ ಪಕ್ಕದಲ್ಲಿ ಸಮಾನಾಂತರವಾಗಿ ಒಂದು ರೆಸಿಸ್ಟರ್ ಕೊಡು. ಬಲ್ಬು ಬೋಟು ನಡೆಸುವ ತಾಂಡೇಲನ ಕಣ್ಣೆದುರೇ ಇರಲಿ.

ದಪ್ಪ ವಯರಿನಲ್ಲಿ ಕಾಸು ಉಳಿಸಬೇಡ. ಬ್ಯಾಟರಿಗೆ 4 ಮೀಟರ್ ದೂರ ಅಂದರೆ ಹೋಗಿ ಬರಲು 8 ಮೀಟರ್. 45 ಆಂಪಿಯರ್ ಹರಿದರೆ 4 ಚದರ ಮಿಲಿಮೀಟರಿನ ವಯರಿನಲ್ಲಿ ಸುಮಾರು ಒಂದೂವರೆ ವೋಲ್ಟು ದಾರಿಯಲ್ಲೇ ಹೋಗುತ್ತದೆ, ವಯರೂ ಕಾಯುತ್ತದೆ. 16ರದ್ದಾದರೆ ಅರ್ಧ ವೋಲ್ಟಿಗಿಂತ ಕಡಿಮೆ. ತವರ ಲೇಪಿಸಿದ ತಾಮ್ರದ್ದು ಸಿಕ್ಕಿದರೆ ಅದನ್ನೇ ತಾ, ಬರಿ ತಾಮ್ರ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ. ಇಂಜಿನ್ನಿಗೆ ಹೊಸ ಪೇಂಟ್ ಹೊಡೆದಿದ್ದೀಯಲ್ಲ, ಅರ್ತ್ ವಯರು ಕೂರುವಲ್ಲಿ ಮತ್ತು ಆಲ್ಟರ್ನೇಟರಿನ ಬ್ರಾಕೆಟ್ ಕೂರುವಲ್ಲಿ ಪೇಂಟ್ ಕೆರೆದು ಲೋಹ ಕಾಣಿಸು.

ಇನ್ನೊಂದು. ವಯರ್‌ಲೆಸ್ಸಿಗೆ 12 ವೋಲ್ಟು ಬೇಕು ಎಂದು, 24 ವೋಲ್ಟಿಗಾಗಿ ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿದ 12 ವೋಲ್ಟಿನ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಎಳೆಯುವವರು ಜಾಸ್ತಿ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಅತಿಯಾಗಿ ತುಂಬಿ ಕುದಿಯುತ್ತದೆ. ವರ್ಷದೊಳಗೆ ಎರಡೂ ಹಾಳಾಗುವುದನ್ನು ನೋಡಿದ್ದೇನೆ. 24ರಿಂದ 12 ಮಾಡುವ ಕನ್ವರ್ಟರ್ ಹಾಕು.

ಬೋಟಿನಲ್ಲಿ ವೆಲ್ಡಿಂಗ್ ಇನ್ನೂ ಬಾಕಿ ಇದ್ದರೆ ಮೊದಲು ಬ್ಯಾಟರಿಯ ವಯರು, ಆಮೇಲೆ ಆಲ್ಟರ್ನೇಟರಿನ ವಯರು ಬಿಚ್ಚಿಡು. ಉಪ್ಪುನೀರಿನ ಪಂಪು ಸೋರಿದರೆ ನೀರು ಎಲ್ಲಿ ಬೀಳುತ್ತದೆ ನೋಡು. ಆಲ್ಟರ್ನೇಟರಿನ ಮೇಲೆ ಬೀಳುವಂತಿದ್ದರೆ ಒಂದು ತಗಡು ಅಡ್ಡ ಕೊಡು.

ಬರುವ ಭಾನುವಾರ ಮೀಟರ್ ಹಿಡಿದು ನಾನೇ ಬರುತ್ತೇನೆ. ಇಂಜಿನ್ ಓಡಿಸಿ ಬ್ಯಾಟರಿಯ ಮೇಲೆ 28 ವೋಲ್ಟಿನ ಆಸುಪಾಸು ಬರುತ್ತದಾ ನೋಡೋಣ. ಲೈಟೆಲ್ಲ ಹಾಕಿಯೂ ನೋಡಬೇಕು. ಕೂಲಿಂಗ್ ನೀರಿಗೆ ಪೈಪು ಜೋಡಿಸಿಟ್ಟಿರು. ಅಲ್ಲಿಯವರೆಗೆ ದಪ್ಪ ಕೇಬಲ್ ಕತ್ತರಿಸಬೇಡ, ಅಳತೆ ಇಬ್ಬರೂ ಸೇರಿ ಹಾಕೋಣ. ನಿನ್ನ ಅಮ್ಮನಿಗೆ ಹೇಳು, ಊಟಕ್ಕೆ ಅಲ್ಲೇ ಇರುತ್ತೇನೆ.

ನಿನ್ನ ಮಾವ